ಬಾಯಿಮಾತು ಬಿಡ್ರಿ, ಠರಾವು ಬರೀರಿ: ಸರ್ಕಾರಿ ಸಾಲಿಯ ಸುರಕ್ಷತೆಗೆ ಕಾನೂನು ಬಳಸುವ ಬಗೆ

ಆಗಸ್ಟ್ ತಿಂಗಳು, ನಾಲ್ಕು ದಿನ ಬಿಡದೆ ಹಿಡಿದ ಜಡಿಮಳೆ. ಐದನೇ ದಿನ ಮುಂಜಾನೆ ಹೊಳವಾಯಿತು. ಮಕ್ಕಳು ಅಂಗಳದಲ್ಲಿ ಪ್ರಾರ್ಥನೆಗೆ ನಿಂತಿದ್ದಾಗ ನಾಲ್ಕನೇ ತರಗತಿಯ ಕೋಣೆಯಲ್ಲಿ ಛತ್ತಿನ ಗಿಲಾವು ಕಳಚಿ ಬಿತ್ತು. ಮೊರದಷ್ಟು ಅಗಲ, ಎರಡು ಬೆರಳು ದಪ್ಪ. ಬಿದ್ದದ್ದು ಎರಡನೇ ಸಾಲಿನ ಬೆಂಚಿನ ಮೇಲೆ. ನನ್ನ ಮಗಳು ಕೂರುತ್ತಿದ್ದುದು ಅದೇ ಬೆಂಚಿನಲ್ಲಿ. ಪ್ರಾರ್ಥನೆ ಹತ್ತು ನಿಮಿಷ ಮೊದಲೇ ಮುಗಿದಿದ್ದರೆ ಏನಾಗುತ್ತಿತ್ತು ಎಂಬುದನ್ನು ಇವತ್ತಿಗೂ ಪೂರ್ತಿ ಯೋಚಿಸಲಾರೆ.

ನಮ್ಮದು ಕಲಬುರಗಿ ಜಿಲ್ಲೆಯ ಫರಸಿ ಖಣಿಗಳ ಸೀಮೆಯ ಊರು. ಮೂರು ಎಕರೆ ತೊಗರಿ, ಮನೆಯಲ್ಲೊಂದು ಹೊಲಿಗೆ ಮಷೀನು, ಪಿಯುಸಿವರೆಗಿನ ಓದು, ಇಷ್ಟೇ ನನ್ನ ಬಂಡವಾಳ. ಆಗ ನಾನು ಸಾಲಿಯ ಎಸ್‌ಡಿಎಂಸಿಯಲ್ಲಿ (ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಬರೀ ಸದಸ್ಯೆ. ಗಿಲಾವಿನ ಚೂರು ಕೈಯಲ್ಲಿ ಹಿಡಿದೇ ಹೆಡ್‌ಮಾಸ್ತರರನ್ನು ಕೇಳಿದೆ.

"ಸರ್, ಈ ಕೋಣಿದು ಮ್ಯಾಲೆ ತಿಳಿಸಿದ್ರೇನು?"

"ಹತ್ತು ಸಲ ಹೇಳೀನ್ರಿ ಅಕ್ಕಾ. ಮೀಟಿಂಗಿನ್ಯಾಗ ಹೇಳೀನಿ, ಫೋನಿನ್ಯಾಗ ಹೇಳೀನಿ."

"ಕಾಗದಾ ಅದ ಏನ್ರಿ?"

ಕಾಗದ ಇರಲಿಲ್ಲ. ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಏಳು ತರಗತಿಗೆ ಇಬ್ಬರೇ ಮಾಸ್ತರರು, ಅದರ ಮೇಲೆ ಬಿಸಿಯೂಟದ ಲೆಕ್ಕ, ಮೊಟ್ಟೆಯ ಲೆಕ್ಕ. ಸಂಜೆ ನಮ್ಮ ಓಣಿಯ ಕಾಕಾ ಒಬ್ಬರ ಹತ್ತಿರ ಹೋದೆ. ಜೀವಮಾನವೆಲ್ಲ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತಿಕೆ ಮಾಡಿ ನಿವೃತ್ತರಾದವರು. "ತಂಗೀ, ಬಾಯಿಮಾತು ಗಾಳ್ಯಾಗ ಹೋಗ್ತದ. ಕಾಗದಾ ಕಪಾಟಿನ್ಯಾಗ ಕುಂದರ್ತದ. ಕುಂತಿದ್ದು ಒಂದಿನ ಏಳ್ತದ," ಅಂದರು. ಕಾನೂನನ್ನು ಮಕ್ಕಳ ತಲೆಯ ಮೇಲಿನ ಛತ್ತಿಗೆ ತಂದು ಜೋಡಿಸುವುದು ಹೇಗೆ ಎಂದು ಕಲಿಯಲು ಅಲ್ಲಿಂದ ಮೂರು ವರ್ಷ ಹಿಡಿಯಿತು. ನೀವು ಅಷ್ಟು ದಿನ ತಿರುಗಬಾರದೆಂದು ಬರೆಯುತ್ತಿದ್ದೇನೆ.

ಮೊದಲು ಕೀಲಿ, ಆಮೇಲೆ ಕಾಗದ

ಕೋಣೆ ಅಪಾಯದಲ್ಲಿದೆ ಅನ್ನಿಸಿದ ದಿನವೇ ಅದಕ್ಕೆ ಕೀಲಿ ಹಾಕಿಸಿ. ಎಂಜಿನಿಯರು ಬಂದು ನೋಡಲಿ ಎಂದು ಕಾಯಬೇಡಿ. ಮಕ್ಕಳು ವರಾಂಡದಲ್ಲೋ ಸಮುದಾಯ ಭವನದಲ್ಲೋ ಗುಡಿಯ ಪಡಸಾಲೆಯಲ್ಲೋ ಕೂತು ಓದಲಿ. ಹೆಡ್‌ಮಾಸ್ತರರು "ಕೋಣಿ ಕಡಿಮಿ ಬೀಳ್ತಾವು" ಎಂದು ಹಿಂಜರಿಯಬಹುದು, ಅವರ ಕಷ್ಟ ನಿಜ. ಅದಕ್ಕೇ ಆ ತೀರ್ಮಾನವನ್ನು ಅವರೊಬ್ಬರ ತಲೆಗೆ ಕಟ್ಟದೆ ಎಸ್‌ಡಿಎಂಸಿ ಸಭೆಯ ನಡಾವಳಿ ಪುಸ್ತಕದಲ್ಲಿ ಠರಾವು, ಅಂದರೆ ಸಭೆಯ ನಿರ್ಣಯ, ಎಂದು ಎಲ್ಲರ ಸಹಿಯೊಂದಿಗೆ ಬರೆಯಬೇಕು. ಆಗ ಅದು ಊರಿನ ತೀರ್ಮಾನವಾಗುತ್ತದೆ.

ಹಾಗೆಂದು ಹಳೆ ಕೋಣೆಯನ್ನು ಊರವರೇ ಸೇರಿ ಕೆಡವಲು ಹೋಗಬೇಡಿ. ನಮ್ಮಲ್ಲಿ ಹುಡುಗರು ಹಾರೆ, ಸಲಿಕೆ ತಂದೇ ಬಿಟ್ಟಿದ್ದರು. ಕಟ್ಟಡ ಸರ್ಕಾರದ್ದು, ಅದರ ಕಲ್ಲು, ಕಟ್ಟಿಗೆ, ಬಾಗಿಲು ಸಹ ಸರ್ಕಾರದ್ದೇ. ಎಂಜಿನಿಯರರು ಬಳಕೆಗೆ ಯೋಗ್ಯವಲ್ಲ ಎಂದು ಬರೆದುಕೊಟ್ಟು, ಮೇಲಿನಿಂದ ಮಂಜೂರಾತಿ ಬಂದ ಮೇಲೆಯೇ ಅದಕ್ಕೆ ಕೈ ಹಚ್ಚಬೇಕು.

ಸಾಲಿ ಸುತ್ತುವುದು

ಸಮಿತಿಯ ನಾಲ್ಕು ಜನ, ಒಬ್ಬ ಮಾಸ್ತರರು, ಆರು-ಏಳನೇ ತರಗತಿಯ ಇಬ್ಬರು ಹುಡುಗಿಯರು, ಇಬ್ಬರು ಹುಡುಗರು, ಇಷ್ಟು ಮಂದಿ ಸೇರಿ ಸಾಲಿ ಸುತ್ತಿರಿ. ಮಕ್ಕಳನ್ನು ಬಿಟ್ಟು ಹೋದರೆ ಅರ್ಧ ಅಪಾಯ ಕಣ್ಣಿಗೆ ಬೀಳುವುದಿಲ್ಲ. ನಮ್ಮ ಕಣ್ಣು ಛತ್ತು, ಗೋಡೆ ನೋಡುತ್ತಿದ್ದರೆ ಒಬ್ಬ ಹುಡುಗಿ ಪಾಯಿಖಾನೆ ಬಾಗಿಲಿಗೆ ಒಳಗಿನಿಂದ ಚಿಲಕವೇ ಇಲ್ಲ, ಗೆಳತಿಯನ್ನು ಹೊರಗೆ ನಿಲ್ಲಿಸಿ ಹೋಗಬೇಕು ಎಂದಳು. ಎರಡು ವರ್ಷದಿಂದ ಹಾಗೇ ಇತ್ತಂತೆ. ಚಿಲಕದ ಬೆಲೆ ಎಷ್ಟು ಹೇಳಿ? ಅದನ್ನು ಮರುದಿನವೇ ನಮ್ಮ ದುಡ್ಡಿನಲ್ಲಿ ಹಾಕಿಸಿದೆವು. ಕೈಯಿಂದ ಆಗುವಂಥದ್ದಕ್ಕೆ ಅರ್ಜಿ ಬೇಡ.

ಸುತ್ತುವುದು ಎರಡು ಸಲ ಇರಲಿ. ಒಮ್ಮೆ ಮಳೆ ಸುರಿಯುವಾಗ, ಒಮ್ಮೆ ಬಿರುಬೇಸಿಗೆಯ ಮಧ್ಯಾಹ್ನ. ಛತ್ತು ಎಲ್ಲಿ ಜಿನುಗುತ್ತದೆ, ಸ್ವಿಚ್ಚಿನ ಹಲಗೆಗೆ ನೀರು ಇಳಿಯುತ್ತದೆಯೇ ಎಂಬುದು ಮಳೆಯಲ್ಲಿ ಮಾತ್ರ ಗೊತ್ತಾಗುತ್ತದೆ. ಛತ್ತನ್ನು ಉದ್ದನೆಯ ಕೋಲಿನಿಂದ ಮೆಲ್ಲಗೆ ತಟ್ಟಿ ನೋಡಿ. ಗಟ್ಟಿ ಇದ್ದಲ್ಲಿ 'ಟಣ್' ಎನ್ನುತ್ತದೆ, ಒಳಗೆ ಬಿಟ್ಟುಕೊಂಡಲ್ಲಿ ಖಾಲಿ ಡಬ್ಬಿಯ ಸಪ್ಪಳ ಬರುತ್ತದೆ. ತಟ್ಟುವಾಗ ಮಕ್ಕಳನ್ನು ಹೊರಗೆ ಕಳಿಸಿ, ನೀವೂ ಬಾಗಿಲ ಚೌಕಟ್ಟಿನ ಕೆಳಗೆ ನಿಲ್ಲಿ. ಕಬ್ಬಿಣದ ಸಳಿ ಹೊರಗೆ ಕಂಡಿದ್ದರೆ, ತುಕ್ಕಿನ ಕಲೆ ಗೆರೆಗೆರೆಯಾಗಿ ಮೂಡಿದ್ದರೆ ಅಳತೆ ಬರೆದುಕೊಂಡು ಫೋಟೋ ತೆಗೆಯಿರಿ.

ಗೋಡೆಯ ಸೀಳಿನ ಬಗ್ಗೆ ಒಂದು ಮಾತು. ನಮ್ಮ ಕಡೆ ಎರಿ ಭೂಮಿ. ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಾಯಿ ಬಿಡುತ್ತದೆ. ಮೇಲೆ ನಿಂತ ಗೋಡೆಯೂ ಅದರ ಜೊತೆ ಏಳುತ್ತದೆ, ಇಳಿಯುತ್ತದೆ. ಹೀಗಾಗಿ "ಈ ಸೀಳು ಹಳೇದು, ಏನೂ ಆಗೂದಿಲ್ಲ" ಎಂದು ಹೇಳುವವರು ಬಹಳ ಮಂದಿ. ಹಳೆಯದೋ ಬೆಳೆಯುತ್ತಿದೆಯೋ ಎಂದು ಕಂಡುಹಿಡಿಯಲು ಸೀಳಿನ ಮೇಲೆ ಅಡ್ಡಡ್ಡ ಸಿಮೆಂಟಿನ ತೆಳು ಪಟ್ಟಿ ಹಚ್ಚಿ, ಒಣಗಿದ ಮೇಲೆ ತಾರೀಖು ಬರೆಯಿರಿ. ತಿಂಗಳೆರಡು ತಿಂಗಳಲ್ಲಿ ಆ ಪಟ್ಟಿ ಒಡೆದರೆ ಸೀಳು ಬೆಳೆಯುತ್ತಿದೆ ಎಂದರ್ಥ. ಒಡೆದ ಪಟ್ಟಿಯ ಫೋಟೋ ಒಂದನ್ನೇ ನೋಡಿ ನಮ್ಮಲ್ಲಿಗೆ ಬಂದ ಎಂಜಿನಿಯರರು ಮರುಮಾತಾಡಲಿಲ್ಲ.

ಇನ್ನು ಕಾಂಪೌಂಡಿನ ಆಚೆಗೂ ಹೋಗಿ ನೋಡಬೇಕು. ನಮ್ಮ ಸೀಮೆಯಲ್ಲಿ ಕಲ್ಲು ತೆಗೆದು ಬಿಟ್ಟುಹೋದ ಖಣಿಗಳಲ್ಲಿ ಮಳೆನೀರು ನಿಂತು ಕೆರೆಯಂತಾಗುತ್ತದೆ. ಅಂಚು ನೇರ ಕಡಿದಿರುತ್ತದೆ, ಇಳಿದವರಿಗೆ ಹತ್ತಲು ಮೆಟ್ಟಿಲಿರುವುದಿಲ್ಲ. ಸಾಲಿ ಬಿಟ್ಟ ಮಕ್ಕಳು ಈಜಲು ಹೋಗುವುದು ಅಲ್ಲಿಗೇ. ಹೊಲದಲ್ಲಿ ನೀರು ಬೀಳದೆ ಬಿಟ್ಟ ಬೋರಿನ ತೂತುಗಳನ್ನೂ ಎಣಿಸಿ. ಬಿಟ್ಟುಬಿಟ್ಟ ಬೋರನ್ನು ತಳದಿಂದ ನೆಲದ ಮಟ್ಟದವರೆಗೆ ಮಣ್ಣು, ಮರಳು, ಕಲ್ಲಿನಿಂದ ತುಂಬಲೇಬೇಕು ಎಂದು ಸುಪ್ರೀಂ ಕೋರ್ಟ್ 2010ರ ಫೆಬ್ರುವರಿಯಲ್ಲೇ ಹೇಳಿದೆ. ಹಾಗಿದ್ದೂ 2024ರ ಏಪ್ರಿಲ್‌ನಲ್ಲಿ ಪಕ್ಕದ ವಿಜಯಪುರ ಜಿಲ್ಲೆಯ ಲಚ್ಯಾಣದಲ್ಲಿ ಎಳೆ ಮಗುವೊಂದು ಬೋರಿನೊಳಗೆ ಬಿತ್ತು. ಮರುದಿನ ಜೀವಂತ ಮೇಲೆ ಬಂದಾಗ ನಮ್ಮೂರಲ್ಲೂ ಟಿವಿ ಮುಂದೆ ಕೂತವರೆಲ್ಲ ಅತ್ತರು. ಆ ವಾರವೇ ನಮ್ಮ ಸಾಲಿಯ ಹಿಂದಿನ ಎರಡು ಬೋರು ತುಂಬಿಸಿದೆವು. ಹೊಲದ ಒಡೆಯರು ಕೈಮುಗಿದು ಒಪ್ಪಿದರು.

ಯಾವ ಕಾನೂನು ಯಾವುದಕ್ಕೆ

ಕಾಯ್ದೆಯ ಪುಸ್ತಕ ಪೂರ್ತಿ ಓದಬೇಕಿಲ್ಲ. ನಾಲ್ಕೈದು ಕಲಂ ಗೊತ್ತಿದ್ದರೆ ಸಾಕು, ಆದರೆ ಅವು ಬಾಯಿಪಾಠ ಆಗಿರಬೇಕು.

ದಿನನಿತ್ಯ ಕೆಲಸಕ್ಕೆ ಬರುವುದು 2009ರ ಶಿಕ್ಷಣ ಹಕ್ಕು ಕಾಯ್ದೆ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರ 19ನೇ ಕಲಂ, ಕೊನೆಯಲ್ಲಿರುವ ಅನುಸೂಚಿ ಎರಡನ್ನೂ ಜೊತೆಗಿಟ್ಟು ಓದಿ. ಮಳೆ, ಗಾಳಿ, ಬಿಸಿಲು ಎಲ್ಲಕ್ಕೂ ತಾಳುವ ಕಟ್ಟಡ, ಗಂಡು ಹೆಣ್ಣು ಮಕ್ಕಳಿಗೆ ಬೇರೆ ಬೇರೆ ಶೌಚಾಲಯ, ಸುರಕ್ಷಿತವಾದ ಕುಡಿಯುವ ನೀರು, ಬಿಸಿಯೂಟದ ಅಡುಗೆ ಕೋಣೆ, ಆಟದ ಬಯಲು, ಕಾಂಪೌಂಡ್ ಗೋಡೆ ಅಥವಾ ಬೇಲಿ, ನಡೆಯಲು ಕಷ್ಟವಾಗುವ ಮಗುವೂ ಒಳಗೆ ಬರುವಂಥ ಅಡೆತಡೆಯಿಲ್ಲದ ದಾರಿ, ಇಷ್ಟೂ ಅಲ್ಲಿ ಬರೆದಿದೆ. ಆಗಲೇ ಇದ್ದ ಶಾಲೆಗಳು ಮೂರು ವರ್ಷದೊಳಗೆ ಇವನ್ನು ಮಾಡಿಕೊಳ್ಳಬೇಕಿತ್ತು. ಆ ಗಡುವು ಮುಗಿದು ಎಷ್ಟೋ ವರ್ಷವಾಯಿತು. ಹೀಗಾಗಿ ಕಾಂಪೌಂಡ್ ಕೇಳುವಾಗ "ದಯಮಾಡಿ ಕೃಪೆ ತೋರಬೇಕು" ಎಂದು ಬರೆಯುವ ಅಗತ್ಯವಿಲ್ಲ. ವಿನಯ ಇರಲಿ, ಬೇಡಿಕೊಳ್ಳುವುದು ಬೇಡ.

ಅದೇ ಕಾಯ್ದೆಯ 17ನೇ ಕಲಂ ಹೊಡೆತವನ್ನೂ ಮನಸ್ಸಿಗೆ ನೋವಾಗುವಂಥ ಹಿಂಸೆಯನ್ನೂ ನಿಷೇಧಿಸುತ್ತದೆ. 21ನೇ ಕಲಂ ಸಮಿತಿಯದು: ಮುಕ್ಕಾಲು ಪಾಲು ಸದಸ್ಯರು ತಂದೆ-ತಾಯಿ ಅಥವಾ ಪೋಷಕರೇ ಇರಬೇಕು, ಅರ್ಧದಷ್ಟು ಹೆಂಗಸರಿರಬೇಕು. ನಮ್ಮ ರಾಜ್ಯದಲ್ಲಿ 2001ರಿಂದಲೇ ಎಸ್‌ಡಿಎಂಸಿ ಇದೆ, ಕಾಯ್ದೆ ಬಂದ ಮೇಲೆ ಅದಕ್ಕೆ ಬಲ ಬಂತು. ಸಭೆಗೆ ಗಂಡಸರೇ ಬಂದು ಹೆಂಗಸರ ಸಹಿಯನ್ನು ಮನೆಗೆ ಕಳಿಸಿ ತರಿಸುವ ರೂಢಿ ಕೆಲವೆಡೆ ಇದೆ. ದಯವಿಟ್ಟು ಅದನ್ನು ನಿಲ್ಲಿಸಿ. ಪಾಯಿಖಾನೆಯ ಚಿಲಕದ ಮಾತು ಗಂಡಸರ ಸಭೆಯಲ್ಲಿ ಒಂದು ಸಲವೂ ಬಂದಿರಲಿಲ್ಲ.

ರಾಜ್ಯದ ಕಾಯ್ದೆ ಬೇರೆ ಇದೆ: ಕರ್ನಾಟಕ ಶಿಕ್ಷಣ ಕಾಯ್ದೆ 1983. ಅದಕ್ಕೆ 2017ರಲ್ಲಿ ತಿದ್ದುಪಡಿ ಮಾಡಿ 5-ಎ ಕಲಂ ಸೇರಿಸಿದರು. ವಿದ್ಯಾರ್ಥಿಗಳ ಸುರಕ್ಷತೆ, ಭದ್ರತೆಗೆ, ಲೈಂಗಿಕ ಅಪರಾಧಗಳಿಂದ ಅವರ ರಕ್ಷಣೆಗೆ ಕ್ರಮ ಕೈಗೊಳ್ಳುವುದು ಸಂಸ್ಥೆಯ ಮತ್ತು ಅದರ ಪ್ರತಿ ನೌಕರರ ಹೊಣೆ ಎನ್ನುತ್ತದೆ ಅದು. ಖಾಸಗಿ ಶಾಲೆಗಳ ವಿಚಾರದಲ್ಲಿ ಈ ಕಲಂ ಹೈಕೋರ್ಟಿನ ಮೆಟ್ಟಿಲು ಹತ್ತಿತು. ನಾನು ಬರೆಯುತ್ತಿರುವುದು ಸರ್ಕಾರಿ ಸಾಲಿಯ ಬಗ್ಗೆ ಮಾತ್ರ. ನಮ್ಮ ಪತ್ರಗಳಲ್ಲಿ ಈ ಕಲಮನ್ನು ಶಿಕ್ಷಣ ಹಕ್ಕು ಕಾಯ್ದೆಯ ಜೊತೆಗೆ ಬರೆಯುತ್ತೇವೆ.

ಬೆಂಕಿಯ ವಿಷಯಕ್ಕೆ ಸುಪ್ರೀಂ ಕೋರ್ಟಿನ 2009ರ ಏಪ್ರಿಲ್ 13ರ ತೀರ್ಪು ಸಾಕು. ತಮಿಳುನಾಡಿನ ಕುಂಭಕೋಣಂ ಶಾಲೆಯಲ್ಲಿ 2004ರ ಜುಲೈ 16ರಂದು ಅಡುಗೆ ಕೋಣೆಯ ಬೆಂಕಿ ಹುಲ್ಲಿನ ಮಾಡಿಗೆ ಹತ್ತಿ 90ಕ್ಕೂ ಹೆಚ್ಚು ಮಕ್ಕಳು ಸುಟ್ಟು ಹೋದ ಮೇಲೆ ಬಂದ ತೀರ್ಪು ಅದು. ಬೆಂಕಿ ಆರಿಸುವ ಸಿಲಿಂಡರ್ ಪ್ರತಿ ಸಾಲಿಯಲ್ಲಿ ಇರಬೇಕು. ಅದರ ಮೇಲಿನ ಚೀಟಿಯಲ್ಲಿ ತುಂಬಿಸಿದ ತಾರೀಖು ನೋಡಿ. ಗ್ಯಾಸಿನ ಒಲೆ ತರಗತಿಯ ಗೋಡೆಗೆ ಹತ್ತಿದ್ದರೆ ಬೇರ್ಪಡಿಸಿ. ಇಷ್ಟು ಮಾಡಿದರೆ ಆಯಿತು.

ಠರಾವು ಬರೆಯುವುದು

ಹೆಚ್ಚಿನವರು ಎಡವುವುದು ಇಲ್ಲೇ. "ಶಾಲೆಯ ಕಟ್ಟಡ ಸರಿಯಿಲ್ಲ, ಸರಿಪಡಿಸಬೇಕು" ಎಂದು ಬರೆದು ಕೊಡುತ್ತಾರೆ. ಅದನ್ನು ಓದಿದವರಿಗೆ ಯಾವ ಕೋಣೆ, ಏನಾಗಿದೆ, ಏನು ಮಾಡಬೇಕು ಒಂದೂ ತಿಳಿಯುವುದಿಲ್ಲ. ಒಂದು ಅಪಾಯಕ್ಕೆ ಒಂದು ಠರಾವು ಇರಲಿ. ಕಂಡದ್ದು, ಅಳತೆ, ಇವತ್ತೇ ನಾವು ಮಾಡಿದ್ದು, ಕಲಂ, ನೀವು ಮಾಡಬೇಕಾದ್ದು, ಇಷ್ಟು ಇರಬೇಕು. ನಮ್ಮದು ಹೀಗಿತ್ತು:

"ಈ ದಿನ ನಡೆದ ಸಭೆಯಲ್ಲಿ, 4ನೇ ತರಗತಿ ಕೋಣೆಯ ಛತ್ತಿನ ಗಿಲಾವು ಸುಮಾರು 2 ಅಡಿ ಉದ್ದ, ಒಂದೂವರೆ ಅಡಿ ಅಗಲ ಕಳಚಿ ಬಿದ್ದು ಕಬ್ಬಿಣದ ಸಳಿಗಳು ಹೊರಗೆ ಕಂಡಿರುವುದನ್ನು ಸದಸ್ಯರು ಖುದ್ದಾಗಿ ನೋಡಿರುತ್ತಾರೆ. ಸದರಿ ಕೋಣೆಗೆ ಇಂದೇ ಕೀಲಿ ಹಾಕಿ, 27 ಮಕ್ಕಳನ್ನು ವರಾಂಡದಲ್ಲಿ ಕೂರಿಸಲಾಗಿದೆ. ಶಿಕ್ಷಣ ಹಕ್ಕು ಕಾಯ್ದೆ 2009ರ 19ನೇ ಕಲಂ ಹಾಗೂ ಅನುಸೂಚಿ, ಕರ್ನಾಟಕ ಶಿಕ್ಷಣ ಕಾಯ್ದೆ 1983ರ 5-ಎ ಕಲಂ ಪ್ರಕಾರ ಮಕ್ಕಳಿಗೆ ಸುರಕ್ಷಿತ ಕೋಣೆ ಒದಗಿಸಬೇಕಾಗಿರುವುದರಿಂದ, ಎಂಜಿನಿಯರರಿಂದ ಸ್ಥಳ ಪರಿಶೀಲನೆ ಮಾಡಿಸಿ ಲಿಖಿತ ವರದಿಯನ್ನು 15 ದಿನದೊಳಗೆ ಸಮಿತಿಗೆ ಕೊಡಿಸಲು ಹಾಗೂ ಬದಲಿ ಕೋಣೆಗೆ ಕ್ರಮ ಕೈಗೊಳ್ಳಲು ಕೋರಿ ಸರ್ವಾನುಮತದಿಂದ ಠರಾಯಿಸಲಾಯಿತು."

ಕೆಳಗೆ ಸೂಚಿಸಿದವರು, ಅನುಮೋದಿಸಿದವರ ಹೆಸರು, ಎಲ್ಲರ ಸಹಿ. ಹೆಬ್ಬೆಟ್ಟು ಒತ್ತುವವರಿದ್ದರೆ ಠರಾವನ್ನು ಗಟ್ಟಿಯಾಗಿ ಓದಿ ಹೇಳಿ, ಆಮೇಲೆ ಒತ್ತಿಸಿ. ಪತ್ರದ ಮೇಲ್ಭಾಗದಲ್ಲಿ ಸಾಲಿಯ 11 ಅಂಕಿಯ ಯುಡೈಸ್ ಸಂಖ್ಯೆ (ಪ್ರತಿ ಸಾಲಿಗೆ ಸರ್ಕಾರ ಕೊಟ್ಟ ಗುರುತಿನ ಸಂಖ್ಯೆ) ತಪ್ಪದೆ ಬರೆಯಿರಿ. ನಮ್ಮ ರಾಜ್ಯದ್ದು 29ರಿಂದ ಶುರುವಾಗುತ್ತದೆ. ಒಂದೇ ಹೆಸರಿನ ಊರು ಜಿಲ್ಲೆಯಲ್ಲಿ ಎರಡು ಮೂರು ಇರುತ್ತವೆ. ಆ ಸಂಖ್ಯೆ ಇಲ್ಲದ ನಮ್ಮ ಮೊದಲ ಪತ್ರ ಬೇರೆ ಊರಿನ ಫೈಲಿಗೆ ಸೇರಿ ಎರಡು ತಿಂಗಳು ಹಾಳಾಯಿತು.

ಮೂರು ಪ್ರತಿ ಮಾಡಿ. ಒಂದನ್ನು ಕಚೇರಿಯ ಟಪಾಲು ಮೇಜಿಗೆ ಕೊಡಿ, ಇನ್ನೊಂದರ ಮೇಲೆ ಮೊಹರು, ತಾರೀಖು, ಇನ್‌ವರ್ಡ್ ನಂಬರು ಹಾಕಿಸಿಕೊಳ್ಳಿ, ಮೂರನೆಯದು ಸಾಲಿಯ ಫೈಲಿಗೆ. ಒಂದು ಕಚೇರಿಯಲ್ಲಿ "ಇಟ್ಟು ಹೋಗ್ರಿ, ಸಾಹೇಬ್ರು ಬಂದ ಮ್ಯಾಲೆ ಹಾಕ್ತೀವಿ" ಅಂದರು. ನಾನು ಮತ್ತು ನನ್ನ ನೆಗೆಣ್ಣಿ ಮಧ್ಯಾಹ್ನ ಮೂರರ ತನಕ ಬೆಂಚಿನ ಮೇಲೆ ಕೂತೆವು. ಜಗಳ ಮಾಡಲಿಲ್ಲ. ಮೊಹರು ಬಿತ್ತು. ಅಷ್ಟು ಹೊತ್ತು ಕಾಯಲು ಆಗದಿದ್ದರೆ ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಅಂಟಿಸಿಡಿ.

ಯಾರಿಗೆ ಎಂಬುದೂ ಮುಖ್ಯ. ಕಟ್ಟಡದ್ದು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಅವರಿಗೆ, ನಕಲು ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗಕ್ಕೆ ಮತ್ತು ಗ್ರಾಮ ಪಂಚಾಯತಿಯ ಪಿಡಿಒಗೆ. ಛತ್ತಿನ ಮೇಲೆ ಹಾದುಹೋದ ವಿದ್ಯುತ್ ತಂತಿ, ವಾಲಿದ ಕಂಬ ನಮ್ಮ ಭಾಗದ ವಿದ್ಯುತ್ ಕಂಪನಿ ಜೆಸ್ಕಾಂಗೆ; ತುರ್ತಿದ್ದರೆ ಮೊದಲು 1912ಕ್ಕೆ ಫೋನ್ ಮಾಡಿ, ದೂರಿನ ಸಂಖ್ಯೆ ಬರೆದುಕೊಂಡು ಪತ್ರದಲ್ಲಿ ಸೇರಿಸಿ. ಖಣಿಯದ್ದು ಗಣಿ ಮತ್ತು ಭೂವಿಜ್ಞಾನ ಇಲಾಖೆಗೆ, ನಕಲು ತಹಶೀಲ್ದಾರರಿಗೆ. ಕುಡಿಯುವ ನೀರಿನದು ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಗೆ.

ನೀರನ್ನು ಕಣ್ಣಿನಿಂದ ನೋಡಿ ಒಳ್ಳೆಯದು ಎನ್ನಬೇಡಿ. ಯಾದಗಿರಿ, ಕಲಬುರಗಿ ಕಡೆ ಬಹಳ ಬೋರುಗಳಲ್ಲಿ ಫ್ಲೋರೈಡ್ ಇದೆ. ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದ ನೀರಿನಲ್ಲಿ ಆರ್ಸೆನಿಕ್ ಸಿಕ್ಕಿತ್ತು. ಎರಡೂ ರುಚಿಯಲ್ಲಿ, ಬಣ್ಣದಲ್ಲಿ ತಿಳಿಯುವುದಿಲ್ಲ. ಸಾಲಿಯ ನೀರನ್ನು ವರ್ಷಕ್ಕೆ ಎರಡು ಸಲವಾದರೂ ಪರೀಕ್ಷೆಗೆ ಕಳಿಸಿ, ವರದಿಯನ್ನು ನೋಟಿಸ್ ಬೋರ್ಡಿಗೆ ಹಚ್ಚಿ. ಫ್ಲೋರೈಡ್ ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಿದ್ದರೆ ಆ ನೀರು ಕುಡಿಸಲೇಬಾರದು.

ಉತ್ತರ ಬಾರದಿದ್ದರೆ

ಹದಿನೈದು ದಿನಕ್ಕೆ ನೆನಪೋಲೆ. ಅದರಲ್ಲಿ ಹಳೆ ಇನ್‌ವರ್ಡ್ ನಂಬರು, ತಾರೀಖು ಬರೆಯಿರಿ. ಮತ್ತೆ ಹದಿನೈದು ದಿನ ಕಾದು ಮಾಹಿತಿ ಹಕ್ಕಿನ ಅರ್ಜಿ ಹಾಕಿ. 10 ರೂಪಾಯಿ ಶುಲ್ಕ, 30 ದಿನದೊಳಗೆ ಉತ್ತರ ಕೊಡಬೇಕು. ಕರ್ನಾಟಕದ ನಿಯಮದಂತೆ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು. ಛತ್ತು, ಕಾಂಪೌಂಡ್, ನೀರು ಎಲ್ಲ ಒಂದೇ ಅರ್ಜಿಯಲ್ಲಿ ತುಂಬಿದರೆ ಅದೇ ನೆಪಕ್ಕೆ ವಾಪಸ್ ಬರುತ್ತದೆ. "ಯಾಕೆ ಮಾಡಿಲ್ಲ?" ಎಂದು ಕೇಳಬೇಡಿ, ಆ ಪ್ರಶ್ನೆಗೆ ಆ ಕಾಯ್ದೆಯಲ್ಲಿ ಉತ್ತರವಿಲ್ಲ. "ಇಂಥ ಇನ್‌ವರ್ಡ್ ನಂಬರಿನ ಪತ್ರದ ಮೇಲೆ ಕೈಗೊಂಡ ಕ್ರಮದ ಟಿಪ್ಪಣಿ ಹಾಳೆಗಳ ನಕಲು ಕೊಡಿ" ಎಂದು ಕೇಳಿ. ಟಿಪ್ಪಣಿ ಹಾಳೆಯಲ್ಲಿ ಕಡತ ಯಾರ ಮೇಜಿನ ಮೇಲೆ ಎಷ್ಟು ದಿನ ಕೂತಿತ್ತು ಎಂದು ಕಾಣುತ್ತದೆ. ನಮ್ಮ ವಿಷಯದಲ್ಲಿ ನಕಲು ಕೈಗೆ ಬರುವ ಮೊದಲೇ ಎಂಜಿನಿಯರರು ಸಾಲಿಗೆ ಬಂದರು.

ಅದಕ್ಕೂ ಆಗದಿದ್ದರೆ ಶಿಕ್ಷಣ ಹಕ್ಕು ಕಾಯ್ದೆಯ 32ನೇ ಕಲಂ. ಮಗುವಿನ ಹಕ್ಕಿಗೆ ಸಂಬಂಧಿಸಿದ ದೂರನ್ನು ಯಾರು ಬೇಕಾದರೂ ಸ್ಥಳೀಯ ಪ್ರಾಧಿಕಾರಕ್ಕೆ ಬರೆದು ಕೊಡಬಹುದು. ಎರಡೂ ಕಡೆಯವರ ಮಾತು ಕೇಳಿ ಮೂರು ತಿಂಗಳೊಳಗೆ ತೀರ್ಮಾನಿಸಬೇಕು. ಕಾಯ್ದೆಯ ವ್ಯಾಖ್ಯೆಯಲ್ಲಿ ಪಂಚಾಯತಿಯೂ ಸ್ಥಳೀಯ ಪ್ರಾಧಿಕಾರವೇ, ಹೀಗಾಗಿ ನಾವು ದೂರನ್ನು ಗ್ರಾಮ ಪಂಚಾಯತಿಗೂ ಬಿಇಒ ಅವರಿಗೂ ಕೊಟ್ಟೆವು. ತೀರ್ಮಾನ ಒಪ್ಪಿಗೆಯಾಗದಿದ್ದರೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ. ಬೆಂಗಳೂರಿಗೆ ಓಡಬೇಕಿಲ್ಲ, ಅಂಚೆಯಲ್ಲಿ ಕಳಿಸಿದರೆ ನಡೆಯುತ್ತದೆ. ಆಗ ಬೇಕಾಗುವುದು ನೀವು ಕೂಡಿಟ್ಟ ಮೊಹರಿನ ಪ್ರತಿಗಳು.

ಮಕ್ಕಳ ಗ್ರಾಮಸಭೆಯನ್ನು ಮರೆಯಬೇಡಿ. ವರ್ಷಕ್ಕೊಮ್ಮೆ ಪ್ರತಿ ಗ್ರಾಮ ಪಂಚಾಯತಿಯಲ್ಲಿ ನಡೆಯಬೇಕು. ನಮ್ಮಲ್ಲಿ ಏಳನೇ ತರಗತಿಯ ಹುಡುಗಿ ಎದ್ದು ನಿಂತು "ನಮ್ಮ ಸಾಲಿಗಿ ಕಂಪೌಂಡ್ ಇಲ್ರಿ, ಎಮ್ಮಿ ಬರ್ತಾವು, ಕುಡಿದವ್ರೂ ಬರ್ತಾರ್ರಿ" ಎಂದಾಗ ಸಭೆ ಗಪ್ಪಾಯಿತು. ಆ ಮಾತು ನಡಾವಳಿಯಲ್ಲಿ ಬರೆಯುವಂತೆ ನೋಡಿಕೊಂಡೆವು. ಆ ವರ್ಷದ ಉದ್ಯೋಗ ಖಾತ್ರಿ ಕ್ರಿಯಾ ಯೋಜನೆಯಲ್ಲಿ ನಮ್ಮ ಕಾಂಪೌಂಡ್ ಸೇರಿತು.

ದುಡ್ಡಿನ ದಾರಿಯೂ ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಇದೆ. ಅದರ 22ನೇ ಕಲಮಿನ ಪ್ರಕಾರ ಸಮಿತಿ ಶಾಲಾ ಅಭಿವೃದ್ಧಿ ಯೋಜನೆ ಮಾಡಬೇಕು, ಸರ್ಕಾರದ ಅನುದಾನಕ್ಕೆ ಅದೇ ಆಧಾರ. ಅದನ್ನು ಡಿಸೆಂಬರ್ ಒಳಗೆ ಬರೆದು ಮುಗಿಸಿ, ಮಾರ್ಚಿಗೆ ಹೋದರೆ ತಡವಾಯಿತು. ನಮ್ಮ ಭಾಗಕ್ಕೆ ಸಂವಿಧಾನದ 371-ಜೆ ವಿಧಿಯ ವಿಶೇಷ ಸ್ಥಾನಮಾನ ಇದೆ, ಕಲಬುರಗಿಯಲ್ಲೇ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಇದೆ. ಅದರ ದುಡ್ಡಿನಲ್ಲಿ ಶಾಲಾ ಕೋಣೆಗಳು ಆಗುತ್ತವೆ. ಶಾಸಕರಿಗೆ ಮನವಿ ಕೊಡುವಾಗ ಯೋಜನೆಯ ನಕಲು, ಎಂಜಿನಿಯರರ ವರದಿ ಎರಡನ್ನೂ ಲಗತ್ತಿಸಿ. ಬರಿಗೈಯಲ್ಲಿ ಹಾರ ಹಿಡಿದು ಹೋದವರಿಗಿಂತ ವರದಿ ಹಿಡಿದು ಹೋದವರ ಕೆಲಸ ಮುಂದೆ ಹೋದದ್ದನ್ನು ಕಣ್ಣಾರೆ ಕಂಡಿದ್ದೇನೆ.

ಬಿಸಿಯೂಟ

ಬಿಸಿಯೂಟದ ಯೋಜನೆ ಅಕ್ಷರ ದಾಸೋಹ 2002ರಲ್ಲಿ ರಾಜ್ಯದಲ್ಲಿ ಮೊದಲು ಶುರುವಾದದ್ದು ನಮ್ಮ ಈ ಈಶಾನ್ಯ ಜಿಲ್ಲೆಗಳಲ್ಲೇ. ಅಡುಗೆ ಮಾಡುವ ಅಕ್ಕಂದಿರು ಹೊಗೆಯಲ್ಲಿ ಬೆಂದು ಮಕ್ಕಳಿಗೆ ಉಣ್ಣಿಸುತ್ತಾರೆ, ಅವರ ಮೇಲೆ ಅನುಮಾನ ಪಡಲು ನಾನು ಹೇಳುತ್ತಿಲ್ಲ. ಆದರೆ ಒಂದು ವಿಷಯ ಗೊತ್ತಿರಲಿ. 2013ರಲ್ಲಿ, ಅದೂ ಕುಂಭಕೋಣಂ ಬೆಂಕಿಯ ತಾರೀಖಾದ ಜುಲೈ 16ರಂದೇ, ಬಿಹಾರದ ಹಳ್ಳಿಯ ಶಾಲೆಯಲ್ಲಿ ಬಿಸಿಯೂಟ ಉಂಡ 23 ಮಕ್ಕಳು ತೀರಿಕೊಂಡರು. ಅಡುಗೆ ಎಣ್ಣೆಯಲ್ಲಿ ಸೇರಿದ್ದು ಮೊನೊಕ್ರೊಟೊಫಾಸ್. ನಮ್ಮಲ್ಲಿ ತೊಗರಿಗೆ, ಹತ್ತಿಗೆ ಹೊಡೆಯಲು ಮನೆಮನೆಗೆ ತಂದಿಡುತ್ತಿದ್ದ ಎಣ್ಣಿಯೇ ಅದು. ನಮ್ಮ ಕಡೆ ಕೀಟನಾಶಕಕ್ಕೂ 'ಎಣ್ಣಿ' ಎಂದೇ ಅನ್ನುತ್ತೇವೆ, ಖಾಲಿಯಾದ ಅದರ ಡಬ್ಬಿಯನ್ನು ತೊಳೆದು ಮನೆಗೆಲಸಕ್ಕೆ ಇಟ್ಟುಕೊಳ್ಳುತ್ತೇವೆ. ಆ ಸುದ್ದಿ ಓದಿದ ದಿನ ನನ್ನ ಅಡುಗೆಮನೆಯ ಎರಡು ಡಬ್ಬಿ ಒಡೆದು ಹೂತೆ.

ಸಾಲಿಯ ಅಡುಗೆ ಕೋಣೆಯಲ್ಲಿ ಸೀಲು ಒಡೆಯದ ಪ್ಯಾಕೆಟ್ ಎಣ್ಣೆ ಬಿಟ್ಟು ಬೇರೆ ಯಾವ ಡಬ್ಬಿಯೂ ಬರಬಾರದೆಂದು ಠರಾವು ಮಾಡಿ. ಮಕ್ಕಳಿಗೆ ಬಡಿಸುವ ಮೊದಲು ಮಾಸ್ತರರು, ಅಡುಗೆಯವರು ಉಂಡು ನೋಡಿ ರುಚಿ ರಿಜಿಸ್ಟರಿನಲ್ಲಿ ಸಹಿ ಮಾಡಬೇಕು. ವಾರಕ್ಕೊಬ್ಬ ತಾಯಿ ಹೋಗಿ ಜೊತೆಗೆ ಉಣ್ಣಲಿ. ಉಂಡು ಅರ್ಧ ಗಂಟೆ ಬಿಟ್ಟು ಮಕ್ಕಳಿಗೆ ಬಡಿಸಲಿ. ಸಹಿಯನ್ನು ವಾರದ ಕೊನೆಗೆ ಒಟ್ಟಿಗೆ ಹಾಕುವುದಾದರೆ ಆ ರಿಜಿಸ್ಟರ್ ಇದ್ದೂ ಇಲ್ಲದಂತೆ.

ಠರಾವಿಗೆ ಕಾಯಬಾರದ ವಿಷಯ

ಇಲ್ಲಿಯತನಕ ಕಾಗದ, ಸಭೆ, ಸಹಿ ಎಂದೆ. ಈ ಒಂದು ವಿಷಯದಲ್ಲಿ ಅದ್ಯಾವುದೂ ಬೇಡ. ಮಗುವಿನ ಮೇಲೆ ಯಾರಾದರೂ ಕೈ ಹಾಕಿದ್ದಾರೆ, ಕೆಟ್ಟದಾಗಿ ಮುಟ್ಟಿದ್ದಾರೆ, ಕೆಟ್ಟ ಚಿತ್ರ ತೋರಿಸಿದ್ದಾರೆ ಎಂದು ಗೊತ್ತಾದರೆ ಸಭೆ ಕರೆಯಬೇಡಿ. ನೇರ ಪೊಲೀಸರಿಗೆ, ಇಲ್ಲವೇ ಮಕ್ಕಳ ಸಹಾಯವಾಣಿ 1098ಕ್ಕೆ, ತುರ್ತಿದ್ದರೆ 112ಕ್ಕೆ ಫೋನ್ ಮಾಡಿ.

ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ ಪೋಕ್ಸೊ ಕಾಯ್ದೆ 2012ರ 19ನೇ ಕಲಂ ಪ್ರಕಾರ, ವಿಷಯ ಗೊತ್ತಾದ ಯಾರೇ ಆಗಲಿ ತಿಳಿಸಲೇಬೇಕು. ತಿಳಿಸದೆ ಸುಮ್ಮನಿದ್ದರೆ 21ನೇ ಕಲಮಿನಲ್ಲಿ ಆರು ತಿಂಗಳವರೆಗೆ ಜೈಲು ಇದೆ. ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವರ ಕೃತ್ಯ ಮುಚ್ಚಿಟ್ಟರೆ ಒಂದು ವರ್ಷದವರೆಗೆ. ಅಧ್ಯಕ್ಷರು, ಸದಸ್ಯರು, ಅಡುಗೆಯವರು, ಯಾರೂ ಇದಕ್ಕೆ ಹೊರತಲ್ಲ.

ನನಗೆ ಗೊತ್ತಿರುವ ಒಂದು ಮಗುವಿನ ವಿಷಯದಲ್ಲಿ ಹಿರಿಯರು ಕಟ್ಟೆಗೆ ಕೂತರು. "ಹುಡುಗಿ ಹೆಸರು ಕೆಡ್ತದ, ಮುಂದ ಲಗ್ನಕ್ಕ ತೊಂದ್ರಿ ಆಗ್ತದ, ದಂಡಾ ಹಾಕಿ ಮುಗಿಸೂಣು" ಎಂದರು. ಮಗುವಿನ ತಾಯಿ ಸೆರಗಿನಲ್ಲಿ ಮುಖ ಮುಚ್ಚಿ ಮೂಲೆಯಲ್ಲಿ ಕೂತಿದ್ದಳು. ನಾನು ಎದ್ದು ಹೊರಗೆ ಬಂದು ಫೋನ್ ಮಾಡಿದೆ. ಯಾವ ಊರು, ಯಾವ ವರ್ಷ, ಮುಂದೇನಾಯಿತು ಎಂದು ಬರೆಯುವುದಿಲ್ಲ. ಮಗುವಿನ ಗುರುತು ಬಯಲಾಗಬಾರದು ಎಂದು 23ನೇ ಕಲಂ ಹೇಳುತ್ತದೆ, ಹೇಳದಿದ್ದರೂ ನಾನು ಬರೆಯುತ್ತಿರಲಿಲ್ಲ. ನೀವೂ ವಾಟ್ಸ್ಆ್ಯಪಿನಲ್ಲಿ ಹೆಸರು, ಫೋಟೋ, ಸಾಲಿಯ ಹೆಸರು ಹಾಕಬೇಡಿ.

ತಾಯಂದಿರಿಗೆ ಇರುವ ದೊಡ್ಡ ಅಂಜಿಕೆ ಸ್ಟೇಷನ್ನಿನದು. ಅದಕ್ಕೆ 24ನೇ ಕಲಂ ಓದಿ ಹೇಳಿ. ಮಗುವಿನ ಹೇಳಿಕೆಯನ್ನು ಮನೆಯಲ್ಲಿ ಅಥವಾ ಅದಕ್ಕೆ ಬೇಕಾದ ಜಾಗದಲ್ಲಿ, ಸಾಧ್ಯವಾದಷ್ಟೂ ಮಹಿಳಾ ಎಸ್‌ಐ ಅವರೇ, ಖಾಕಿ ಹಾಕದೆ ಬಂದು ಬರೆದುಕೊಳ್ಳಬೇಕು. ರಾತ್ರಿ ಮಗುವನ್ನು ಠಾಣೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ಇದನ್ನು ಹೇಳಿದಾಗ ಆ ತಾಯಿ ಕೇಳಿದ್ದು ಒಂದೇ ಮಾತು: "ಖರೇನ ಮನೀಗೇ ಬರ್ತಾರೇನು ಅಕ್ಕಾ?" ಬಂದರು.

ಮಗುವನ್ನು ನೀವೇ ಕೂರಿಸಿಕೊಂಡು ಮತ್ತೆ ಮತ್ತೆ ಕೇಳಬೇಡಿ. ಒಮ್ಮೆ ಹೇಳಿದ್ದನ್ನು ಅದರದೇ ಮಾತಿನಲ್ಲಿ ಬರೆದಿಟ್ಟುಕೊಳ್ಳಿ, "ನಿಂದೇನೂ ತಪ್ಪಿಲ್ಲ" ಎಂದು ಹೇಳಿ, ಜೊತೆಗಿರಿ.

ಫೈಲು ಒಪ್ಪಿಸುವುದು

ಗಿಲಾವು ಬಿದ್ದ ಕೋಣೆಯನ್ನು ಕೆಡವಿ ಹೊಸದು ಕಟ್ಟಿದ್ದಾರೆ. ಕಾಂಪೌಂಡ್ ಮೂರು ಬದಿ ಮುಗಿದಿದೆ, ಹಳ್ಳದ ಬದಿ ಇನ್ನೂ ಬಾಕಿ. ಖಣಿಗೆ ಬೇಲಿ ಅರ್ಧ ಮಾತ್ರ ಆಗಿದೆ. ಅದಕ್ಕೆ ಐದನೇ ನೆನಪೋಲೆ ಹೋಗಿದೆ, ಅಲ್ಲಿಯತನಕ ಸಾಲಿ ಬಿಡುವ ಹೊತ್ತಿಗೆ ಪಾಳಿಯ ಮೇಲೆ ಒಬ್ಬರು ಆ ದಾರಿಯಲ್ಲಿ ನಿಲ್ಲುತ್ತೇವೆ.

ಸಮಿತಿಯ ಅವಧಿ ಮುಗಿಯುವಾಗ ಕಾಗದಗಳು ಅಧ್ಯಕ್ಷರ ಮನೆಯ ಟ್ರಂಕಿನಲ್ಲಿ ಉಳಿದುಬಿಡುತ್ತವೆ. ಹಾಗಾಗಬಾರದು. ಹೊಸ ಸಮಿತಿಯ ಮೊದಲ ಸಭೆಯಲ್ಲೇ ಫೈಲು ಒಪ್ಪಿಸಿ, ಮೊದಲ ಪುಟಕ್ಕೆ ಬಾಕಿ ಕೆಲಸಗಳನ್ನೂ ಅವುಗಳ ಇನ್‌ವರ್ಡ್ ನಂಬರುಗಳನ್ನೂ ಬರೆದು ಅಂಟಿಸಿ. ಸೀಳಿನ ಮೇಲೆ ಸಿಮೆಂಟ್ ಪಟ್ಟಿ ಹಚ್ಚಿದ ತಾರೀಖುಗಳನ್ನೂ ಸೇರಿಸಿ. ಒಪ್ಪಿಸಿದ್ದಕ್ಕೆ, ಪಡೆದದ್ದಕ್ಕೆ ನಡಾವಳಿಯಲ್ಲಿ ಎರಡೂ ಕಡೆಯ ಸಹಿ ಹಾಕಿಸಿ. ನನ್ನ ಅವಧಿ ಬರುವ ಜೂನ್‌ಗೆ ಮುಗಿಯುತ್ತದೆ. ಫೈಲಿನಲ್ಲಿ ಈಗ 64 ಹಾಳೆಗಳಿವೆ, ಕೊನೆಯ ಹಾಳೆ ಖಣಿಯ ಬೇಲಿಯದು.